ಮಾಸ್ತರ್ ಬೆನ್ನು ತಿರುಗಿಸಲಿಲ್ಲ

ಶಿರಸಿ ಪೇಟೆಯಲ್ಲಿ ನಿಂತು ಪ್ರತಿಭಾ ಯಾರು ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ "ಯಾವ ಪ್ರತಿಭಾ?" ಅಂತಾರೆ. ಸಂಗಯ್ಯ ಮಾಸ್ತರರ ಮಗಳು ಅನ್ನಿ, "ಓಹೋ, ಸಿನಿಮಾ ತೆಗೀತಾಳಲ್ಲ ಅವಳಾ!" ಅಂತ ಕೂರಿಸಿ ಚಾ ಕುಡಿಸ್ತಾರೆ. ನಂಗೆ ಇದನ್ನು ಕೇಳಿ ಕೇಳಿ ತಲೆ ಕೆಟ್ಟಿದೆ ಮಾರಾಯ್ರೇ. ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿ ಬೆವರು ಸುರಿಸಿದ ಹೆಂಗಸಿಗೆ ತನ್ನದು ಅಂತ ಒಂದು ಹೆಸರು ಬೇಡವಾ?

ನಾನು ಸುಭಾನ್. ಮೊದಲು ಮಾಸ್ತರರ ನಾಟಕ ಕಂಪನಿಯ ಲಾರಿ ಹೊಡೆಯುತ್ತಿದ್ದೆ. ಈಗ ಒಂದು ಟೆಂಪೋ ಟ್ರಾವೆಲರ್ ಇಟ್ಟುಕೊಂಡಿದ್ದೇನೆ, ಪ್ರತಿಭಾನ ಶೂಟಿಂಗಿಗೆ ಜನ, ಕ್ಯಾಮೆರಾ, ಊಟದ ಡಬ್ಬಿ ಎಲ್ಲ ಅದರಲ್ಲೇ ಹೋಗೋದು. ಅಪ್ಪನ ಅನ್ನವನ್ನೂ ತಿಂದವ, ಮಗಳ ಅನ್ನವನ್ನೂ ತಿಂದವ. ನನ್ನ ಮಾತಿನಲ್ಲಿ ಸಿಟ್ಟು ಕಂಡರೆ ಅದು ಮನೆಯವನ ಸಿಟ್ಟು ಅಂತ ತಿಳ್ಕೊಳ್ಳಿ.

ಮಾಸ್ತರ್ ಅಂದರೆ ಸಣ್ಣ ಆಸಾಮಿ ಅಲ್ಲ. ಬನವಾಸಿ ಕಡೆಯವರು. ಹಾನಗಲ್ಲು, ಮುಂಡಗೋಡ, ಯಲ್ಲಾಪುರ, ಎಲ್ಲಿ ಕ್ಯಾಂಪ್ ಹಾಕಿದರೂ ತಿಂಗಳುಗಟ್ಟಲೆ ತಗಡಿನ ಥಿಯೇಟರು ತುಂಬುತ್ತಿತ್ತು. ಮೈಕು ಕೈಕೊಟ್ಟರೂ ಹಿಂದಿನ ಸಾಲಿನವನಿಗೆ ಅವರ ಉಸಿರೂ ಕೇಳುತ್ತಿತ್ತು. ಜನ "ಒನ್ಸ್ ಮೋರ್" ಅಂದರೆ ಸತ್ತು ಬಿದ್ದ ಪಾತ್ರ ಎದ್ದು ಕೂತು ಮತ್ತೊಂದು ಸಲ ಸಾಯುತ್ತಿತ್ತು. ನಾನೇ ಎಷ್ಟು ಸಲ ಪರದೆ ಪಕ್ಕ ನಿಂತು ಶಿಳ್ಳೆ ಹೊಡೆದಿಲ್ಲ! ಅವರ ಹೆಂಡತಿ ಗೌರಕ್ಕ ಕಂಪನಿಯ ಪೋಷಾಕು ಹೊಲಿಯುತ್ತಿದ್ದರು. ಪ್ರತಿಭಾ ಹುಟ್ಟಿದ್ದೂ ಒಂದು ಕ್ಯಾಂಪಿನಲ್ಲೇ.

ಹುಡುಗಿ ಶಿರಸಿಯಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋಗಿ ಏಳು ವರ್ಷ ಬೇರೆ ಬೇರೆ ನಿರ್ದೇಶಕರ ಕೈಕೆಳಗೆ ದುಡಿದಳು. ಅಲ್ಲೂ ಅದೇ ಗೋಳು. ಸೆಟ್ಟಿಗೆ ಯಾರಾದರೂ ಹಳೇ ನಟರು ಬಂದರೆ "ಇವಳು ನಮ್ಮ ಸಂಗಯ್ಯನ ಮಗಳು" ಅಂತ ಗಲ್ಲ ಹಿಂಡಿ ಹೋಗುತ್ತಿದ್ದರಂತೆ. ಇಪ್ಪತ್ತೊಂಬತ್ತು ವರ್ಷದವಳ ಗಲ್ಲ!

ತಿರುಗಿ ಊರಿಗೆ ಬಂದು ಮೊದಲ ಸಿನಿಮಾ ಯಲ್ಲಾಪುರದಲ್ಲಿ ತೆಗೆದಳು. ಶಾಲೆಯಲ್ಲಿ ಬಿಸಿಯೂಟ ಮಾಡುವ ಒಬ್ಬ ಹೆಂಗಸಿನ ಕಥೆ. ಚಂದ ಇತ್ತು. ನನ್ನ ಹೆಂಡತಿ ಮುಮ್ತಾಜ್ ಸಿನಿಮಾ ಅಂದರೆ ನಿದ್ದೆ ಮಾಡುವವಳು, ಅವಳೂ ಕಣ್ಣು ಮುಚ್ಚದೆ ನೋಡಿದಳು. ಬಿಡುಗಡೆಯ ದಿನ ಶಾಲು ಹೊದಿಸಿದ್ದು ಯಾರಿಗೆ? ಮಾಸ್ತರರಿಗೆ. ಮಗಳ ಕೈಯಲ್ಲಿ ಒಂದು ಗುಲಾಬಿ ಹೂವು. ಮಾರನೇ ದಿನ ಪೇಪರಿನಲ್ಲಿ ಅಪ್ಪನ ದೊಡ್ಡ ಫೋಟೋ, ಕೆಳಗೆ "ಪುತ್ರಿಯ ಪ್ರಯತ್ನ" ಅಂತ ನಾಲ್ಕು ಸಾಲು.

ಎರಡನೆಯ ಸಿನಿಮಾಕ್ಕೆ ಅವಳು ಒಂದು ಹಟ ಮಾಡಿದಳು. ಪೋಸ್ಟರಿನಲ್ಲಾಗಲಿ, ಭಾಷಣದಲ್ಲಾಗಲಿ ಅಪ್ಪನ ಹೆಸರು ಬರಬಾರದು. ಮಾಸ್ತರ್ ಊಟದ ತಾಟು ಸರಿಸಿ ಕೇಳಿದರು: "ನನ್ನ ಹೆಸರು ಭಾರ ಆತೇನವಾ ನಿನಗ?" ಅವಳು ಹಟ ಬಿಡಲಿಲ್ಲ. ಸಿನಿಮಾಕ್ಕೆ ಜನ ಬರಲಿಲ್ಲ. ಊರಿನವರು ಮಾತ್ರ ಸುಮ್ಮನಿರಲಿಲ್ಲ, ಹೆತ್ತ ಅಪ್ಪನನ್ನೇ ಬಿಟ್ಟವಳು, ಸೊಕ್ಕು ನೋಡಿ ಅಂದರು. ಹೆಸರು ಹಾಕಿದರೆ ಅಪ್ಪನ ಪುಣ್ಯ, ಬಿಟ್ಟರೆ ಮಗಳ ಸೊಕ್ಕು. ಎಂತ ಮಾಡಬೇಕಿತ್ತು ಅವಳು?

ಆಮೇಲೆ ಎಂಟು ವರ್ಷ ಮದುವೆ ವಿಡಿಯೋ. ನಡುವೆ ಸರಕಾರದವರಿಗೆ ಮಂಗನ ಕಾಯಿಲೆ ಬಗ್ಗೆ, ಕೈ ತೊಳೆಯುವುದರ ಬಗ್ಗೆ ಐದೈದು ನಿಮಿಷದ ಚಿತ್ರಗಳು. ಗೌರಕ್ಕ ತೀರಿಕೊಂಡರು. ಅಪ್ಪ ಮಗಳು ಶಿರಸಿಯ ಬಾಡಿಗೆ ಮನೆಯಲ್ಲಿ ಒಂದೇ ಟೀವಿ ಮುಂದೆ ಕೂತು ಎರಡು ಊರಿನವರ ಹಾಗೆ ಬದುಕಿದರು.

ಹೋದ ವರ್ಷ ಕಮಲಾಕರ ಅಂತ ಒಬ್ಬರು ಸಿಕ್ಕಿದರು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದವರು, ನಾಟಕದ ಹುಚ್ಚು. ಪ್ರತಿಭಾ ಬರೆದ ಕಥೆ ಓದಿ, ಸಿನಿಮಾ ಮಾಡೋಣ ಅಂದರು, ಆದರೆ ಮುಖ್ಯ ಪಾತ್ರ ಮಾಸ್ತರರೇ ಮಾಡಬೇಕು. ಅವಳು ಮೂರು ದಿನ ಯೋಚನೆ ಮಾಡಿ ನನ್ನ ಗಾಡಿ ಹತ್ತಿರ ಬಂದಳು.

"ಸುಭಾನ್ ಕಾಕಾ, ಒಪ್ಪಿಕೊಂಡೆ. ಬೇರೆ ದಾರಿ ಇಲ್ಲ. ಆದರೆ ಈ ಸಿನಿಮಾ ನೋಡಿ ಒಬ್ಬರು, ಒಬ್ಬರೇ ಒಬ್ಬರು, ಇದು ಪ್ರತಿಭಾ ಮಾಡಿದ್ದು ಅಂದರೆ ಸಾಕು. ಇಲ್ಲಾಂದ್ರೆ ನಂಗೆ ಇನ್ನು ಆಗೋದಿಲ್ಲ. ಇದೇ ಕೊನೆ."

ನಲವತ್ತೆರಡು ವರ್ಷ ಅವಳಿಗೆ.

ಕಥೆ ಸಣ್ಣದು. ಹೆಂಡತಿ ಸತ್ತ ಒಬ್ಬ ಮುದಿ ಬಸ್ ಕಂಡಕ್ಟರ್. ಯಾರೊಂದಿಗೂ ಹೆಚ್ಚು ಮಾತಿಲ್ಲ. ಕೊನೆಗೆ ಒಂದು ದಿನ ಮನೆಗೆ ಬೀಗ ಹಾಕಿ ಹೊರಡುತ್ತಾನೆ. ರಸ್ತೆಯ ತಿರುವಿನವರೆಗೆ ನಡೆದು ಹೋಗುತ್ತಾನೆ, ಒಂದು ಸಲವೂ ಹಿಂದೆ ನೋಡುವುದಿಲ್ಲ. ಅಷ್ಟೇ. ಆ ಕೊನೆಯ ನಡಿಗೆಗೋಸ್ಕರವೇ ಇಡೀ ಸಿನಿಮಾ ಬರೆದಿದ್ದೇನೆ ಅಂತ ಅವಳು ಹೇಳುತ್ತಿದ್ದಳು.

ಉಳಿದ ಶೂಟಿಂಗು ಹೇಗೋ ಆಯ್ತು. ಮಾಸ್ತರರಿಗೆ ಎಪ್ಪತ್ತೆಂಟಾದರೂ ಗಟ್ಟಿ ಕುಳ. "ದನಿ ತಗ್ಗಿಸ್ರಿ ಅಪ್ಪಾಜಿ" ಅಂತ ದಿನಕ್ಕೆ ನೂರು ಸಲ ಹೇಳಿ ಹೇಳಿ ಅವಳ ದನಿಯೇ ಹೋಯ್ತು. ಕೊನೆಯ ಶಾಟು ಇಟ್ಟುಕೊಂಡಿದ್ದು ಸಿದ್ದಾಪುರದ ಆಚೆ, ಹೆಗ್ಗರಣೆ ಕಡೆಯ ರಸ್ತೆಯಲ್ಲಿ. ಸಂಜೆ ನಾಲ್ಕರಿಂದ ಐದರ ಬಿಸಿಲು ಬೇಕಿತ್ತು.

ಮಾಸ್ತರ್ ಬೀಗ ಹಾಕಿದರು. ಚೀಲ ಎತ್ತಿದರು. ನಡೆದರು. ಎಂಟು, ಒಂಬತ್ತು, ಹತ್ತು ಹೆಜ್ಜೆ. ಹನ್ನೊಂದನೇ ಹೆಜ್ಜೆಗೆ ಟಕ್ ಅಂತ ತಿರುಗಿ, ಎದೆ ಮುಂದೆ ಮಾಡಿ, ಕಣ್ಣಲ್ಲಿ ನೀರು ತುಂಬಿಕೊಂಡು ಕ್ಯಾಮೆರಾದ ಕಡೆ ನೋಡಿದರು!

"ಕಟ್!"

ನಿಮಗೆ ಕಂಪನಿ ನಾಟಕದ ಪದ್ಧತಿ ಗೊತ್ತಿರಲಿಕ್ಕಿಲ್ಲ. ಅಲ್ಲಿ ಪ್ರೇಕ್ಷಕರಿಗೆ ಬೆನ್ನು ತೋರಿಸುವ ಹಾಗಿಲ್ಲ. ಟಿಕೆಟ್ ತೆಗೆದು ಕೂತವನು ದೇವರು, ದೇವರಿಗೆ ಬೆನ್ನು ಕೊಡ್ತಾರಾ? ಕೋಪ ಮಾಡಿಕೊಂಡು ಹೊರಟ ಪಾತ್ರವೂ ಅಡ್ಡ ಹೆಜ್ಜೆ ಹಾಕಿ, ಮುಖ ಜನರ ಕಡೆಗೇ ಇಟ್ಟು, ಪರದೆ ಹತ್ತಿರ ಹೋದ ಮೇಲೆ ಮತ್ತೊಂದು ಸಲ ಪೂರ್ತಿ ತಿರುಗಿ ಮುಖ ಕೊಟ್ಟೇ ಒಳಗೆ ಹೋಗಬೇಕು. ಅರವತ್ತು ವರ್ಷ ಹಾಗೇ ಒಳಗೆ ಹೋದ ಕಾಲುಗಳು ಅವು.

ಮೊದಲ ದಿನ ಒಂಬತ್ತು ಸಲ. ಎರಡನೇ ದಿನ ಎಂಟು. ಪ್ರತಿ ಸಲವೂ ತಿರುಗಿದರು. ಒಮ್ಮೆ ಅಡ್ಡಡ್ಡ ನಡೆದರು. ಇದರ ನಡುವೆ ಸುತ್ತಲಿನ ಊರಿನ ಜನ ಬಂದು ನಿಂತು, ಮಾಸ್ತರ್ ತಿರುಗಿದಾಗೆಲ್ಲ ಚಪ್ಪಾಳೆ! ಚಪ್ಪಾಳೆ ಬಿದ್ದ ಮೇಲೆ ಕೇಳ್ತೀರಾ, ಮುಂದಿನ ಸಲ ಇನ್ನೂ ಜೋರು.

ಹದಿನೇಳನೇ ಸಲ ಆದ ಮೇಲೆ ಪ್ರತಿಭಾ ಅವರ ಎದುರು ಹೋಗಿ ನಿಂತಳು. "ಅಪ್ಪಾಜಿ, ಅವನು ಎಲ್ಲಾ ಬಿಟ್ಟು ಹೊಂಟಾನ. ಅವನಿಗೆ ಯಾರೂ ನೋಡೋದು ಬೇಕಾಗಿಲ್ಲ. ನೀವು ತಿರುಗಿದರ ನನ್ನ ಸಿನಿಮಾನೇ ಸುಳ್ಳಾಗ್ತದ."

"ಬೆನ್ನಿನಾಗ ಏನು ಕಾಣ್ತದವಾ? ಅಭಿನಯ ಇರೋದು ಮುಖದಾಗ."

"ಏಳು ವರ್ಷದಾಕಿ ಇದ್ದೆ ನಾನು. ಸ್ಟೇಜಿನ ಮ್ಯಾಲ ಹೆದರಿಕಿ ಆಗಿ, ಮಂದಿಗೆ ಬೆನ್ನು ಮಾಡಿ ಅವ್ವನ ಕಡೆ ತಿರುಗಿದ್ದಕ್ಕ ಬಣ್ಣದ ಮನಿಯಾಗ ಎಲ್ಲಾರ ಎದುರಿಗೆ ಹೊಡದ್ರಿ. ನಾನು ಅವತ್ತು ನಿಮ್ಮ ಮಾತು ಕೇಳಿದ್ದೆ. ಇವತ್ತು ಒಂದು ದಿನ ನೀವು ನನ್ನ ಮಾತು ಕೇಳ್ರಿ!"

ಕ್ಯಾಮೆರಾದವರು, ಅಡುಗೆಯವರು ಎಲ್ಲ ನೆಲ ನೋಡಿದರು. ಮಾಸ್ತರರ ಮುಖ ಕಪ್ಪಿಟ್ಟಿತು. ಚೀಲ ಅಲ್ಲೇ ಇಟ್ಟು, ಅಂಗಿಯ ಗುಂಡಿ ಬಿಚ್ಚಿ, ಪಾತ್ರದ ಅಂಗಿಯನ್ನು ನನ್ನ ಕೈಗೆ ಕೊಟ್ಟು, ಬರೀ ಬನಿಯನ್ನಲ್ಲಿ ಹೋಗಿ ಗಾಡಿಯಲ್ಲಿ ಕೂತುಬಿಟ್ಟರು. ಕಮಲಾಕರ ಗಡಿಯಾರ ನೋಡುತ್ತಿದ್ದರು. ಬಿಸಿಲು ಇನ್ನು ಹತ್ತು ನಿಮಿಷ ಇತ್ತೋ ಏನೋ. ಮಾರನೇ ದಿನಕ್ಕೆ ಕ್ಯಾಮೆರಾ ವಾಪಸ್ ಹೋಗಬೇಕು.

ಆಗ ನಾನು ಬಾಯಿ ಬಿಟ್ಟೆ. ನನ್ನ ಬಾಯಿಗೆ ಹುಳ ಬೀಳಲಿ. "ಪ್ರತಿಭಾ, ಎತ್ತರ ಅವರದೂ ನಂದೂ ಒಂದೇ. ತಲೆಯೂ ಹಾಗೇ ಬೆಳ್ಳಗಾಗಿದೆ. ಅಂಗಿ ಕೈಯಲ್ಲೇ ಉಂಟು."

ಅವಳು ಗಾಡಿಯ ಕಡೆ ಒಮ್ಮೆ ನೋಡಿದಳು. ಮಾಸ್ತರ್ ಆಚೆ ಮುಖ ಮಾಡಿ ಕೂತಿದ್ದರು. "ಬೇಗ ಹಾಕ್ಕೊಳ್ಳಿ ಕಾಕಾ" ಅಂದಳು.

ನಾನು ನಡೆದೆ. ಅಭಿನಯ ಗಿಭಿನಯ ಎಂತದೂ ಇಲ್ಲ ಮಾರಾಯ್ರೇ. ಮಾಸ್ತರರಿಗೆ ಮೋಸ ಮಾಡ್ತಾ ಇದ್ದೇನೆ ಅಂತ ಒಂದೇ ಚಿಂತೆ. ಅವರು ಇಳಿದು ಬಂದು ಬೈತಾರೋ ಅಂತ ಹೆದರಿಕೆ. ಭುಜ ತಾನಾಗೇ ಕುಗ್ಗಿತ್ತು, ಕಾಲು ಭಾರ ಆಗಿತ್ತು. ತಿರುವು ದಾಟಿ ಒಂದು ಮರದ ಹಿಂದೆ ನಿಂತೆ. ಬಹಳ ಹೊತ್ತಿನ ಮೇಲೆ ಕಟ್ ಅಂದರು. ವಾಪಸ್ ಬಂದು ನೋಡಿದರೆ ಪ್ರತಿಭಾ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. "ಸಿಕ್ತು ಕಾಕಾ. ಇಪ್ಪತ್ತು ವರ್ಷಕ್ಕೆ ಸಿಕ್ತು" ಅಂದಳು.

ಸಿನಿಮಾ ಮುಗಿದು ಮೊದಲ ಸಲ ತೋರಿಸಿದಾಗ ನಾನು ಅವರ ಪಕ್ಕವೇ ಕೂತಿದ್ದೆ. ಕೊನೆಯ ನಡಿಗೆ ಬಂತು. ಅವರ ಕೈ ನನ್ನ ತೊಡೆ ಮೇಲೆ ಬಂದು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಿತು. ಗೊತ್ತಾಯ್ತು ಅವರಿಗೆ. ಹನ್ನೊಂದು ವರ್ಷ ಅವರ ಲಾರಿ ಓಡಿಸಿದವನ ಬೆನ್ನು ಅವರಿಗೆ ಗೊತ್ತಾಗದಾ? ಅಲ್ಲಾ, ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ನಂಗೆ.

ಸಿನಿಮಾ ನಾಲ್ಕಾರು ಕಡೆ ಹೋಯ್ತು. ನೋಡಿದವರದ್ದೆಲ್ಲ ಒಂದೇ ಮಾತು: ಆ ಕೊನೆಯ ನಡಿಗೆ! ಒಂದು ಕಡೆ ಮಾಸ್ತರರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು. ಮುಮ್ತಾಜ್ ಮನೆಯಲ್ಲಿ ಬಿದ್ದು ಬಿದ್ದು ನಕ್ಕಳು. "ನಿಮ್ಮ ಬೆನ್ನಿಗೆ ಪ್ರಶಸ್ತಿ, ನಿಮಗೆ ಡೀಸೆಲ್ ಖರ್ಚು" ಅಂದಳು. ನಂಗೆ ನಗು ಬರಲಿಲ್ಲ.

ಯಲ್ಲಾಪುರದ ಅಭಿಮಾನಿಗಳು ಸನ್ಮಾನ ಇಟ್ಟರು. ಭಾನುವಾರ ಬೆಳಿಗ್ಗೆ, ಸಭಾಭವನ ತುಂಬ ಜನ. ಮಾಸ್ತರ್ ವೇದಿಕೆ ಮೇಲೆ, ಅವರ ಎದುರಿನ ಮೇಜಿನ ಮೇಲೆ ಆ ಪ್ರಶಸ್ತಿ, ಪ್ರತಿಭಾ ಮೂರನೇ ಸಾಲಿನಲ್ಲಿ ನನ್ನ ಪಕ್ಕ. ಒಬ್ಬರು ಭಾಷಣಕಾರರು ಎದ್ದು ಹೇಳಿದರು: "ಅರವತ್ತು ವರ್ಷದ ರಂಗತಪಸ್ಸು ಆ ಒಂದು ಬೆನ್ನಿನಲ್ಲಿ ಕಂಡಿತು. ಇಂಥ ನಟ ಇದ್ದರೆ ನಿರ್ದೇಶಕರಿಗೆ ಕೆಲಸವೇ ಇಲ್ಲ. ಕ್ಯಾಮೆರಾ ಇಟ್ಟರೆ ಸಾಕು." ಜನ ಚಪ್ಪಾಳೆ ಹೊಡೆದರು. ನಾನು ಪ್ರತಿಭಾನ ಕಡೆ ನೋಡಿದೆ. ಅವಳೂ ಹೊಡೆಯುತ್ತಿದ್ದಳು.

ಮಾಸ್ತರ್ ಮೈಕಿನ ಹತ್ತಿರ ಬಂದರು. ಈಗ ಹೇಳ್ತಾರೆ ಅಂದುಕೊಂಡೆ. ಹೇಳಬೇಕು, ಅಷ್ಟು ದೊಡ್ಡ ಮನುಷ್ಯ. ಅವರು ಕೈ ಮುಗಿದು, ಅದೇ ಹಳೇ ಕಂಚಿನ ದನಿಯಲ್ಲಿ ಅಂದರು: "ಬೆನ್ನು ತಿರುಗಿಸ್ರಿ ಅಂದಳು ನನ್ನ ಮಗಳು. ತಿರುಗಿಸಿದೆ. ಮುಖದಾಗ ಮಾಡೋದನ್ನ ಬೆನ್ನಿನಾಗ ಮಾಡಿದೆ. ಎಲ್ಲಾ ನಿಮ್ಮ ಆಶೀರ್ವಾದ."

ನಾನು ಎದ್ದೇಬಿಟ್ಟೆ. ಪ್ರತಿಭಾ ನನ್ನ ಅಂಗಿ ಹಿಡಿದು ಜಗ್ಗಿದಳು. "ಕೂತ್ಕೊಳ್ಳಿ ಕಾಕಾ. ನನ್ನಾಣೆ."

ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಮಾಸ್ತರ್ ಶಾಲು ಹೊದ್ದು ಮುಂದೆ ನನ್ನ ಪಕ್ಕ ಕೂತರು, ಅವಳು ಹಿಂದೆ. ಮಂಚಿಕೇರಿ ದಾಟಿತು. ಆಮೇಲೆ ಮಾಸ್ತರ್ ರಸ್ತೆ ನೋಡುತ್ತಲೇ ಅಂದರು: "ಹದಿನೇಳು ಸಲ ನಡದೆ. ಒಂದನ್ನೂ ಇಟ್ಕೊಳ್ಳಲಿಲ್ಲ ನೀನು. ಮಂದಿ ಅಷ್ಟು ಹೊಗಳೂ ಮುಂದ ಅದು ನಾನಲ್ಲ ಅಂತ ಹ್ಯಾಂಗ ಹೇಳಲಿ? ಬಾಯಿ ಬರಲಿಲ್ಲ."

ಹಿಂದೆ ಅವಳು ಪ್ರಶಸ್ತಿಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಮಾಸ್ತರ್ ಮುಂದುವರಿಸಿದರು:

"ನೀನರ ಎದ್ದು ಹೇಳಬೇಕಿತ್ತು. ಇದು ನಾನು ಮಾಡಿದ್ದು ಅಂತ. ನಾನೇನು ತಡೀತಿದ್ನೇನು?"

"ಹೇಳಿದ್ರ ನಾಳೆ ಪೇಪರಿನಾಗ ಏನು ಬರ್ತಿತ್ತು ಅಪ್ಪಾಜಿ?" ಅಂದಳು ಪ್ರತಿಭಾ. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ. "ಸಂಗಯ್ಯನವರ ಮಾನ ಕಳೆದ ಮಗಳು ಅಂತ ಬರ್ತಿತ್ತು. ಆಗಲೂ ನಾನು ಮಗಳೇ."

ಮಾಸ್ತರ್ ಹೊದ್ದಿದ್ದ ಶಾಲು ತೆಗೆದು ಮಡಚಿ ತೊಡೆ ಮೇಲೆ ಇಟ್ಟುಕೊಂಡರು. ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಅವರಿಗೆ ಇಳಿಯಲು ಕಷ್ಟ ಆಯ್ತು. ಅವಳೇ ಬಂದು ತೋಳು ಹಿಡಿದು ಇಳಿಸಿದಳು. ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು "ಅಪ್ಪನ ಪ್ರಶಸ್ತಿ ತೋರಿಸೇ ಪ್ರತಿಭಾ" ಅಂದರು. ಅವಳು ಚೀಲದಿಂದ ತೆಗೆದು ತೋರಿಸಿದಳು.