ಮುರಿಗೆಪ್ಪ ಟ್ರ್ಯಾಕ್ಟರ್ ಆರಿಸಿದ್ದು

ಒಂದು ಮಿಕ್ಸಿ ಕೊಳ್ಳಲು ಎರಡು ದೀಪಾವಳಿ ತೆಗೆದುಕೊಂಡ ಮನುಷ್ಯ ಮುರಿಗೆಪ್ಪ. ತಮಿಳು ಸೀಮೆಯ ಗಿಂಡಿಯಲ್ಲಿ ಲೇತ್ ವರ್ಕ್‌ಶಾಪ್ ನಡೆಸುತ್ತಾ ತಲೆ ನರೆತರೂ, ಅಂಗಡಿ ಅಂಗಡಿ ಅಲೆದು ಬರಿಗೈಯಲ್ಲಿ ಮನೆಗೆ ಬರುವ ಗುಣ ಹೋಗಿರಲಿಲ್ಲ. ಈ ಸಲ ಮಾತ್ರ ಹೆಂಡತಿ ಸರ್ವಮಂಗಳಾ ಬಿಡುವಂತಿರಲಿಲ್ಲ. ಕುಂದಗೋಳದ ಹತ್ತಿರ ಅವಳ ಪಾಲಿನ ಹೊಲವನ್ನು ಇಷ್ಟು ವರ್ಷ ಬೇರೆಯವರು ಗೇಣಿಗೆ ಮಾಡುತ್ತಿದ್ದರು. ಈ ಮುಂಗಾರಿಗೆ ತಾನೇ ಹೋಗಿ ಬಿತ್ತುವುದೆಂದು ಅವಳು ಹಟ ಹಿಡಿದಿದ್ದಳು. ಟ್ರ್ಯಾಕ್ಟರ್ ಸಿಗದಿದ್ದರೆ ಹೊಲ ಮತ್ತೆ ಅವರ ಕೈಗೇ.

"ಇವತ್ತ ಆಗಲಿಲ್ಲಂದ್ರ ಎತ್ತ ಕೊಳ್ಳತೀನಿ ನೋಡ್ರಿ," ಎಂದು ಬಸ್ಸಿನಲ್ಲೇ ಹೇಳಿದಳು. "ಅದರ ಹಲ್ಲ ಎಣಿಸಾಕ ನಿಮಗ ಮತ್ತೊಂದ ವರ್ಷ ಬೇಕು, ಆ ಮಾತ ಬ್ಯಾರೆ."

ಪಡಪ್ಪೈ ರಸ್ತೆಯ ಹಳೇ ಗಾಡಿಗಳ ಯಾರ್ಡಿನಲ್ಲಿ ನೋಡನೋಡುತ್ತಾ ಕೊನೆಗೆ ಎರಡು ಉಳಿದವು. ಕೆಂಪು ಗಾಡಿ ಊರೊಳಗೆ ನೀರಿನ ಟ್ಯಾಂಕರ್ ಎಳೆದದ್ದು. ಈಗ ಹೊಸ ಬಣ್ಣ, ಹೊಸ ಸೀಟು. ನೀಲಿಯದು ಚೆಂಗಲ್ಪಟ್ಟಿನ ಗದ್ದೆಗಳಲ್ಲಿ ದುಡಿದದ್ದು. ಬಣ್ಣ ಮಾಸಿತ್ತು, ಮುಂದಿನ ಗಾಲಿಯ ನಡುವಿನಿಂದ ಎಣ್ಣೆ ಜಿನುಗಿತ್ತು.

ಮುರಿಗೆಪ್ಪ ಕೆಂಪು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಹತ್ತಿ, ಎಂಜಿನ್ ಓಡಿಸಿ, ಇಳಿದ. ನೀಲಿಯದು ತಣ್ಣಗಿತ್ತು. ಚಾವಿ ತಿರುಗಿಸುವ ಮುಂಚೆ, ದಿನಾ ಬೆಳಿಗ್ಗೆ ಲೇತಿಗೆ ಮಾಡುವಂತೆ, ಜೇಬಿನ ವಿಭೂತಿ ಗಟ್ಟಿಗೆ ಬೆರಳು ತಿಕ್ಕಿ ಬಾನೆಟ್ಟಿನ ಮೇಲೆ ಮೂರು ಗೆರೆ ಎಳೆದುಬಿಟ್ಟ. ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು.

ಯಾರ್ಡಿನಲ್ಲಿ ಗಾಡಿ ಮಾರುವ ಏಳುಮಲೈ ಓಡಿಹೋಗಿ ಕರ್ಪೂರ ತಂದ. "ಪೂಜೈ ಪೋಟ್ಟುಟೀಂಗ ಸಾರ್! ಇನಿ ವಂಡಿ ಉಂಗಳ್ದು!" ಪೂಜೆ ಆಯಿತಲ್ಲ, ಗಾಡಿ ನಿಮ್ಮದೇ ಎಂದು ಕೈಮುಗಿದ.

"ಅಯ್ಯೋ, ಇಲ್ಲಪ್ಪಾ! ಅದು ಎನ್ ಪಳಕ್ಕಂ!" ಬರೀ ರೂಢಿ ಎಂದು ಹೇಳುತ್ತಾ ಮುರಿಗೆಪ್ಪ ಬೆವತುಹೋದ. "ಇನ್ನೂ ಗಾಲಿ ನೋಡಿಲ್ಲ ನಾನು!"

"ಹಂಗಾರ ಕೆಂಪಂದಕ್ಕ ಯಾಕ ಹಚ್ಚಲಿಲ್ರಿ?" ಎಂದಳು ಸರ್ವಮಂಗಳಾ.

ಮುರಿಗೆಪ್ಪ ತಡವರಿಸಿದ. "ಅದನ್ನ... ತಣ್ಣಗಿದ್ರ ಹೊತ್ತೂದಿಲ್ಲಂತ ನಾವು ಬರೂದಕ್ಕ ಮೊದಲ ಕಾಯಿಸಿ ನಿಲ್ಲಿಸ್ಯಾರ. ಮನಸ್ಸ ಬರಲಿಲ್ಲ."

"ಕೈ ಆರಿಸಿ ಆತು. ಬಾಯಿ ಅಷ್ಟ ಬಾಕಿ."

ಆದರೂ ಅವನು ಮಂಡಿಯೂರಿ ಮುಂದಿನ ಗಾಲಿ ಹಿಡಿದು ಅಲುಗಾಡಿಸಿದ. ಎಣ್ಣೆ ತಡೆಯುವ ಸೀಲ್ ಅಷ್ಟೇ ಹೋಗಿತ್ತು, ಬೇರಿಂಗ್ ಗಟ್ಟಿಯಿತ್ತು. ಎದ್ದು, ಗಾಡಿಗೆ ಇನ್ನೆರಡು ಸುತ್ತು ಹಾಕಿ ಬಂದು, "ಆತು," ಎಂದ.

ಸರ್ವಮಂಗಳಾ ಸೆರಗು ಸಿಕ್ಕಿಸಿ ಸೀಟು ಹತ್ತಿ ಕೂತಳು. ಕ್ಲಚ್ಚಿಗೆ ಕಾಲು ಚಾಚಿದಳು. ಎಟುಕಲಿಲ್ಲ. ಮುಖ ಸಣ್ಣದಾಯಿತು.

ಮುರಿಗೆಪ್ಪ ಆಗಲೇ ಪೆಡಲಿನ ಹತ್ತಿರ ಬಗ್ಗಿ, ಅವಳ ಅಂಗಾಲಿನವರೆಗೆ ಗೇಣು ಹಾಕುತ್ತಿದ್ದ.

"ಮ್ಯಾಲ ಒಂದ ಕಬ್ಬಿಣದ ತುಂಡ ಕೂಡಸಿ ಕೊಡತೀನಿ. ಕಾಲ ಅಲ್ಲಾಡಿಸಬ್ಯಾಡ, ಅಳತಿ ತಪ್ಪತೈತಿ."