ಹುರುಳಿ ಹಾಸಿದ ಹೆದ್ದಾರಿ

ಜಾವಗಲ್ ದಾಟಿದ ಮೇಲೆ ಬಸ್ಸಿನ ಸದ್ದು ಇದ್ದಕ್ಕಿದ್ದಂತೆ ಅಡಗಿತು. ಅರಸೀಕೆರೆಯಿಂದ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದ ನನಗೆ ಆ ನಿಶ್ಶಬ್ದಕ್ಕೇ ಎಚ್ಚರವಾಯಿತು. ಬಸ್ಸು ಚಲಿಸುತ್ತಲೇ ಇತ್ತು, ಡಾಂಬರು ಮಾತ್ರ ಕಾಣುತ್ತಿರಲಿಲ್ಲ. ರಸ್ತೆಯ ಅಗಲಕ್ಕೂ ಒಣಗಿದ ಹುರುಳಿ ಗಿಡ ಹಾಸಿದ್ದರು. ಅದರ ಮೇಲೆ ನಾವು ದೋಣಿಯಲ್ಲಿ ಕೂತವರಂತೆ ಮೆಲ್ಲಗೆ ತೇಲುತ್ತಿದ್ದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಹೊಟ್ಟಿನ ಧೂಳು ಹೊಂಬಣ್ಣಕ್ಕೆ ತಿರುಗಿ ಕಿಟಕಿಯೊಳಗೆ ಬರುತ್ತಿತ್ತು.

ಪಕ್ಕದಲ್ಲಿದ್ದ ಅಜ್ಜಿ, "ನಮ್ದೇ ಹುರುಳಿ, ಇಳೀಬೇಕು" ಎಂದು ಎದ್ದರು. ದನಕ್ಕೆಂದು ತಂದಿದ್ದ ಅವರ ಹಿಂಡಿ ಮೂಟೆ ಇಳಿಸಿಕೊಡಲು ನಾನೂ ಹಿಂದೆಯೇ ಇಳಿದೆ. ಕೊನೆಯ ಮೆಟ್ಟಿಲಲ್ಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಿದ್ದ ಅಜ್ಜಿ ನನ್ನ ಕಾಲು ನೋಡಿ ಗದರಿದರು.

"ಕಾಳಿನ ಮೇಲೆ ಚಪ್ಪಲಿ ಕಾಲು ಇಡ್ತಾರೇನಪ್ಪಾ? ರೋಡ್ ಅಗಲ ಮಾಡ್ದಾಗ ನಮ್ಮ ಕಣ ಇದ್ರೊಳಕ್ಕೇ ಹೋಯ್ತು. ನಮಗಿದು ಈಗ್ಲೂ ಕಣವೇ."

ಮೂಟೆ ಹೊತ್ತ ನನಗೆ ಸಿಟ್ಟು ಬಂತು. "ಇಷ್ಟು ದೊಡ್ಡ ಬಸ್ಸೇ ಹತ್ತಿ ಬಂತಲ್ಲಜ್ಜಿ!"

"ಬಸ್ಸು ಎತ್ತು ಇದ್ದಂಗೆ ಕಣಪ್ಪ. ತುಳಿದು ಕಾಳು ಬಿಡಿಸ್ತೈತೆ. ನೀನೇನು ಬಿಡಿಸ್ತೀಯ?"

ಮೂಟೆ ಇಳಿಸಿ ಚಪ್ಪಲಿ ಕಳಚಿದೆ. ಗಿಡಗಳ ಸಂದಿಯಿಂದ ಡಾಂಬರಿನ ಬಿಸಿ ಅಂಗಾಲಿಗೆ ತಾಕಿತು. ಬಸ್ಸಿನ ಕಡೆ ಎರಡು ಹೆಜ್ಜೆ ಇಟ್ಟಿರಬೇಕು, ಚಕ್ರಕ್ಕೆ ಸಿಗದೆ ಉಳಿದಿದ್ದ ಕಾಯೊಂದು ಕಾಲಡಿ ಚಿಟ್ಟೆಂದು ಒಡೆಯಿತು.

ಅಜ್ಜಿ ತಿರುಗಿ ನೋಡಿದರು.

"ಹೂಂ, ಒಂದಾಯ್ತು" ಎಂದರು. "ಇನ್ನು ಬಸ್ ಹತ್ತು."