ಕಡಲಿಗೆ ಬಂದ ಮೀನಿನ ಕೆಂಪಕ್ಕ

ಗಿರಿನಗರದ ಮೂಲೆಯೊಂದರಲ್ಲಿ ಮೂವತ್ತು ವರ್ಷ ಸಮುದ್ರದ ಮೀನು ಮಾರಿದ ಕೆಂಪಕ್ಕ ಸಮುದ್ರವನ್ನು ಮಾತ್ರ ನೋಡಿರಲಿಲ್ಲ. ಕಿವಿರು ಎತ್ತಿ ನೋಡಿದರೆ ಸಾಕು, ಮೀನು ಬಲೆಗೆ ಬಿದ್ದ ದಿನ, ಐಸಿನಲ್ಲಿ ಮಲಗಿದ ಗಂಟೆ, ದಾರಿಯಲ್ಲಿ ಲಾರಿ ಕೆಟ್ಟು ನಿಂತ ಊರು, ಎಲ್ಲವನ್ನೂ ಹೇಳಬಲ್ಲಳೆಂದು ಗಿರಾಕಿಗಳು ನಂಬಿದ್ದರು. "ಇದು ಬೇಡ ಸಾರ್, ಮೊನ್ನೇದು" ಎಂದು ತನ್ನ ಸರಕನ್ನು ತಾನೇ ತೆಗೆದಿಡುತ್ತಿದ್ದಳು. ಆದರೆ ಮಗ ವೇಣು ಹೈಸ್ಕೂಲು ಮೇಷ್ಟ್ರಾದ ಮೇಲೆ, ಅವನ ಮರ್ಯಾದೆಗೆ ಮೀನಿನ ವಾಸನೆ ತಾಗಬಾರದೆಂದು, ಹೊಸಬರು ಯಾರು ಕೇಳಿದರೂ "ಮನೇಲೇ ಇರ್ತೀನಿ" ಅನ್ನುವುದು ಅವಳ ಅಭ್ಯಾಸ. ಮೊದಲ ಸಲ ಕಡಲು ನೋಡಲು ಬಂದ ಮಲ್ಪೆಯಲ್ಲಿ ವೇಣು ಮನೆಯವರನ್ನೆಲ್ಲ ಗಾಳ ಹಾಕಲು ದೋಣಿ ಹತ್ತಿಸಿದಾಗಲೂ ತುಟಿ ಬಿಗಿದೇ ಕೂತಳು. ವೇಣುವಿನ ಗಾಳಕ್ಕೆ ಬಿದ್ದ ಮೀನನ್ನು ಎತ್ತಿ ಹಿಡಿದು ಗೈಡ್ ಸದಾನಂದ, "ಇದು ಯಾವ ಮೀನು, ಹೇಳಿ ನೋಡುವ" ಎಂದ. "ಕಾಣೆ ಮೀನು" ಎಂದಳು ಕೆಂಪಕ್ಕ, ತಡೆಯಲಾರದೆ. "ನಿಮಗೆ ಹೇಗೆ ಗೊತ್ತು ಮಾರಾಯ್ರೆ?" ಅವಳು ಅಳುಕುತ್ತಾ ಮಗನ ಮುಖ ನೋಡಿದಳು. ವೇಣು ನಗುತ್ತಿದ್ದ: "ಹೇಳಮ್ಮ, ಯಾಕೆ ಸುಮ್ನಾದೆ?" ಕೆಂಪಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಮೂವತ್ತು ವರ್ಷ ಮಾರಿದೀನಪ್ಪ. ಕೊಡಿಲ್ಲಿ, ಮೀನು ಹಿಡ್ಕೊಳ್ಳೋದು ಹಂಗಲ್ಲ."